ಬ್ಲಾಕಿನ ಹೊಟ್ಟೆಯಲ್ಲಿ ಉಳಿದ ನೀರು

ಧರ್ಮಸ್ಥಳದಿಂದ ಹಿಂದಿರುಗುವಾಗ, ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತತೊಡಗಿದ ಸ್ವಲ್ಪ ಹೊತ್ತಿಗೆ ನಮ್ಮ ಹಳೆಯ ಡೀಸೆಲ್ ಜೀಪಿನ ಟೆಂಪರೇಚರ್ ಮುಳ್ಳು ಕೆಂಪು ಗೆರೆಯೊಳಗೆ ಹೋಗಿ ಕೂತಿತು. ಬಾನೆಟ್ಟಿನ ಸಂದಿಯಿಂದ ಹಬೆ ಏಳುತ್ತಿತ್ತು. ಗಾಡಿ ಬದಿಗೆ ನಿಲ್ಲಿಸಿ, ತೊರೆಯಿಂದ ಒಂದು ಕ್ಯಾನು ನೀರು ತಂದು, ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ್ದೆ. ಹಿಂದೆ ನಿಂತಿದ್ದ ಲಾರಿಯ ಡ್ರೈವರು ಓಡಿ ಬಂದು ನನ್ನ ಕೈ ಹಿಡಿದರು. "ಬೇಡ ಅಣ್ಣಾ. ಮುಚ್ಚಳ ತೆಗೆದ್ರೆ ಮುಖ ಬೇಯ್ತದೆ, ತಣ್ಣೀರು ಸುರಿದ್ರೆ ಹೆಡ್ಡು ಸೀಳ್ತದೆ. ಬೀಡಿ ಸೇದೋ ಹೊತ್ತು ಸಾಲಲ್ಲ, ಊಟ ಮಾಡೋ ಹೊತ್ತು ಬಿಡಿ." ಆ ಮಾತು ಅವತ್ತು ನನ್ನ ಮುಖವನ್ನೂ ಉಳಿಸಿತು, ಇಂಜಿನ್ನನ್ನೂ ಉಳಿಸಿತು.

ಊರಿಗೆ ಬಂದವನು ಮಾಡಿಸಬಹುದಾದದ್ದನ್ನೆಲ್ಲ ಮಾಡಿಸಿದೆ. ರೇಡಿಯೇಟರಿಗೆ ಹೊಸ ಕೋರ್ ಹಾಕಿಸಿದೆ. ಥರ್ಮೋಸ್ಟಾಟ್ ಬದಲಾಯಿತು, ಮುಚ್ಚಳ ಬದಲಾಯಿತು, ಫ್ಯಾನ್ ಬೆಲ್ಟೂ ಬದಲಾಯಿತು. ನಂದಿಬೆಟ್ಟ ಹತ್ತಿಸಿ ನೋಡಿದರೆ ಮುಳ್ಳು ಮತ್ತೆ ಅದೇ ಜಾಗಕ್ಕೆ. ಕೊನೆಗೆ ಚಿಂತಾಮಣಿಯ ಕಡೆ ಟ್ರ್ಯಾಕ್ಟರು, ಜೀಪುಗಳಲ್ಲೇ ಕೈ ಪಳಗಿದ ಹಿರಿಯ ಮೇಸ್ತ್ರಿಯೊಬ್ಬರ ಹತ್ತಿರ ಹೋದೆ. ಅವರು ಬಾನೆಟ್ ಎತ್ತುವ ಮೊದಲೇ ಕೇಳಿದರು: "ರೇಡಿಯೇಟ್ರು ಹೊಸದು, ಸರಿ. ಬ್ಲಾಕು ಖಾಲಿ ಮಾಡಿ ಎಷ್ಟು ವರ್ಷ ಆಯ್ತು?"

ಬ್ಲಾಕನ್ನು ಬೇರೆಯಾಗಿ ಖಾಲಿ ಮಾಡಬೇಕು ಎಂಬುದೇ ನನಗೆ ಗೊತ್ತಿರಲಿಲ್ಲ. ಎಂಟು ವರ್ಷ ರೇಡಿಯೇಟರಿನ ಕೆಳಗಿನ ನಲ್ಲಿ ತಿರುಗಿಸಿ, ಬಂದಷ್ಟು ನೀರು ಬಿಟ್ಟು, ಮತ್ತೆ ತುಂಬಿಸಿ, ಕೆಲಸ ಮುಗಿಯಿತು ಅಂದುಕೊಂಡಿದ್ದೆ. "ಅದು ಮುಖ ತೊಳೆದಂಗಾಯ್ತಷ್ಟೆ. ಹೊಟ್ಟೆ ಹಂಗೇ ಐತೆ," ಅಂದರು.

ಇಂಜಿನ್ ಬ್ಲಾಕು ಹೊರಗಿನಿಂದ ನೋಡಿದರೆ ಗಟ್ಟಿ ಕಬ್ಬಿಣದ ದಿಮ್ಮಿ. ಒಳಗೆ ಮಾತ್ರ ಸಿಲಿಂಡರುಗಳ ಸುತ್ತ ಇಕ್ಕಟ್ಟಾದ ಓಣಿಗಳಿವೆ. ಮೆಕ್ಯಾನಿಕ್ಕುಗಳು ವಾಟರ್ ಜಾಕೆಟ್ ಅನ್ನುವುದು ಇದಕ್ಕೇ. ಎರಕ ಹೊಯ್ಯುವಾಗ ಈ ಓಣಿಗಳ ಆಕಾರದಲ್ಲೇ ಮರಳಿನ ತಿರುಳು ಮಾಡಿ ಅಚ್ಚಿನೊಳಗೆ ಇಟ್ಟಿರುತ್ತಾರೆ. ಕಬ್ಬಿಣ ಗಟ್ಟಿಯಾದ ಮೇಲೆ ಮರಳನ್ನು ಉದುರಿಸಿ ತೆಗೆದು, ಅದು ಹೊರಬಂದ ತೂತುಗಳಿಗೆ ತಗಡಿನ ಬಿಲ್ಲೆ ಬಡಿದು ಮುಚ್ಚುತ್ತಾರೆ. ಬ್ಲಾಕಿನ ಬದಿಯಲ್ಲಿ ಸಾಲಾಗಿ ಕಾಣುವ ನಾಣ್ಯದಂಥ ಬಿಲ್ಲೆಗಳು ಅವೇ, ಕೋರ್ ಪ್ಲಗ್ಗುಗಳು. ಸಿಲಿಂಡರಿನೊಳಗೆ ಇಂಧನ ಉರಿಯುವ ಕ್ಷಣದಲ್ಲಿ ತಾಪಮಾನ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಲ್ಯೂಮಿನಿಯಂ ಕರಗಲು 660 ಡಿಗ್ರಿ ಸಾಕು. ಬೀಡುಕಬ್ಬಿಣಕ್ಕೆ 1200ರ ಆಸುಪಾಸು. ಆದರೂ ಲೋಹ ಕರಗದೆ ನಿಂತಿರುವುದು ಆ ಓಣಿಗಳಲ್ಲಿ ಹರಿಯುವ ನೀರಿನಿಂದ. ಸುಟ್ಟ ಡೀಸೆಲಿನ ಶಾಖದಲ್ಲಿ ಸರಿಸುಮಾರು ಮೂರರಲ್ಲೊಂದು ಪಾಲು ಚಕ್ರ ತಿರುಗಿಸುತ್ತದೆ, ಇನ್ನೊಂದು ಪಾಲು ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ, ಉಳಿದದ್ದರಲ್ಲಿ ಬಹುಪಾಲನ್ನು ಈ ನೀರೇ ಹೊತ್ತು ರೇಡಿಯೇಟರಿಗೆ ಮುಟ್ಟಿಸಬೇಕು.

ನೀರಿನ ಪಂಪು ಸಾಮಾನ್ಯವಾಗಿ ಇಂಜಿನ್ನಿನ ಮುಂಭಾಗದಲ್ಲಿರುತ್ತದೆ. ಅದು ತಳ್ಳಿದ ನೀರು ಮುಂದಿನ ಸಿಲಿಂಡರಿನಿಂದ ಹಿಂದಿನದಕ್ಕೆ ಹೋಗಿ, ಹೆಡ್ಡಿಗೆ ಏರಿ, ಥರ್ಮೋಸ್ಟಾಟ್ ದಾಟಿ ರೇಡಿಯೇಟರಿಗೆ ಬರುತ್ತದೆ. ಹಿಂದಿನ ಸಿಲಿಂಡರಿನ ಬುಡದಲ್ಲಿ ಹರಿವು ನಿಧಾನ. ತುಕ್ಕಿನ ಪುಡಿ, ಸುಣ್ಣದ ಚಕ್ಕೆ, ಎರಕದ ಕಾಲದಿಂದ ಉಳಿದ ಮರಳಿನ ಕಣ, ಎಲ್ಲವೂ ಅಲ್ಲಿಗೇ ಬಂದು ಕೂರುತ್ತವೆ. ರೇಡಿಯೇಟರಿನ ನಲ್ಲಿ ತಿರುಗಿಸಿದರೆ ಅವು ಬರುವುದಿಲ್ಲ. ನಮ್ಮ ಕೋಲಾರ ಸೀಮೆಯವರಿಗೆ ಇದನ್ನು ಹೇಳಿ ತಿಳಿಸಬೇಕಿಲ್ಲ. ತೂಬು ಮೇಲಿರುವ ಕೆರೆಯಲ್ಲಿ ತೂಬಿನ ಮಟ್ಟದವರೆಗಷ್ಟೇ ನೀರು ಹೋಗುತ್ತದೆ. ಅದರ ಕೆಳಗಿನ ನೀರು ಅಲ್ಲೇ, ಹೂಳೂ ಅಲ್ಲೇ. ವರ್ಷವರ್ಷ ಹೊಸ ನೀರು ತುಂಬಿದರೂ ಹೂಳು ಎತ್ತಿದಂತಾಗುವುದಿಲ್ಲ.

ಹೂಳು ಎಲ್ಲಿಂದ ಬಂತು ಅನ್ನುವುದಕ್ಕೆ ನಮ್ಮ ಬಚ್ಚಲ ಹಂಡೆಯೇ ಸಾಕ್ಷಿ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಕುಡಿಯುವ ನೀರಿನಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಆ ನೀರನ್ನು ಕಾಯಿಸಿದರೆ ಹಂಡೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುತ್ತದೆ. ಉಪ್ಪು, ಸಕ್ಕರೆ ಬಿಸಿನೀರಿನಲ್ಲಿ ಹೆಚ್ಚು ಕರಗುತ್ತವೆ. ಸುಣ್ಣದ ಅಂಶ ಹಾಗಲ್ಲ, ನೀರು ಬಿಸಿಯಾದಷ್ಟೂ ಅದು ಹೊರಗೆ ಬೀಳುತ್ತದೆ. ಆದ್ದರಿಂದ ಬ್ಲಾಕು, ಹೆಡ್ಡುಗಳಲ್ಲಿ ಎಲ್ಲಿ ಅತಿ ಬಿಸಿಯೋ ಅಲ್ಲೇ, ತಂಪು ಎಲ್ಲಿ ಅತ್ಯಗತ್ಯವೋ ಅಲ್ಲೇ, ಸುಣ್ಣ ಮೊದಲು ಅಂಟಿಕೊಳ್ಳುತ್ತದೆ. ಈ ಪದರ ಶಾಖವನ್ನು ಸುಲಭವಾಗಿ ದಾಟಲು ಬಿಡುವುದಿಲ್ಲ. ಒಂದು ಮಿಲಿಮೀಟರ್ ದಪ್ಪದ ಸುಣ್ಣ ಇಪ್ಪತ್ತಕ್ಕೂ ಹೆಚ್ಚು ಮಿಲಿಮೀಟರ್ ಬೀಡುಕಬ್ಬಿಣದಷ್ಟು ತಡೆ ಒಡ್ಡುತ್ತದೆ. ಗೋಡೆಗೆ ಹೊರಗಿನಿಂದ ಏನೂ ಆಗಿರುವುದಿಲ್ಲ, ಒಳಗೆ ಮಾತ್ರ ಅದು ಇಪ್ಪತ್ತು ಪಟ್ಟು ದಪ್ಪವಾದಂತೆ. ನನ್ನ ಹೊಸ ರೇಡಿಯೇಟರ್ ಏನೂ ಮಾಡಲಾಗದೆ ನಿಂತದ್ದು ಇದಕ್ಕೇ. ಶಾಖ ಅದರವರೆಗೆ ಸರಿಯಾಗಿ ಬರುತ್ತಲೇ ಇರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ, ರಾತ್ರಿಯಿಡೀ ತಣ್ಣಗಾದ ಇಂಜಿನ್ನಿನ ಮೇಲೆ ಕೆಲಸ ಶುರುವಾಯಿತು. ಮೇಸ್ತ್ರಿ ಇದರಲ್ಲಿ ರಾಜಿ ಮಾಡಿಕೊಳ್ಳುವವರಲ್ಲ, ಮಾಡಿಕೊಳ್ಳಬಾರದು ಕೂಡ. ಕೂಲಿಂಗ್ ವ್ಯವಸ್ಥೆ ಅಂದರೆ ಕುಕ್ಕರ್. ಮುಚ್ಚಳ ಸುಮಾರು ಒಂದು ಬಾರ್ ಒತ್ತಡವನ್ನು ಒಳಗೆ ಹಿಡಿದಿಟ್ಟಿರುತ್ತದೆ. ಹಾಗಾಗಿ ಬೆಂಗಳೂರಿನ ಎತ್ತರದಲ್ಲಿ 97 ಡಿಗ್ರಿಗೇ ಕುದಿಯಬೇಕಾದ ನೀರು 115 ದಾಟಿದರೂ ಕುದಿಯುವುದಿಲ್ಲ. ಬಿಸಿಯಲ್ಲಿ ಮುಚ್ಚಳ ತೆಗೆದರೆ ಒತ್ತಡ ಇಳಿದು ಅಷ್ಟೂ ನೀರು ಒಮ್ಮೆಲೇ ಕುದಿದು ಮುಖಕ್ಕೆ ಎರಚುತ್ತದೆ. ಸೀಟಿ ಎತ್ತದೆ ಕುಕ್ಕರ್ ಮುಚ್ಚಳ ಎಳೆದಂತೆ. ಮೇಲಿನ ಹೋಸನ್ನು ಬರಿಗೈಲಿ ಹಿಚುಕಿದಾಗ ಅದು ತಣ್ಣಗೆ, ಮೆತ್ತಗೆ ಇದ್ದರೆ ಮಾತ್ರ ಮುಚ್ಚಳ ಮುಟ್ಟಬೇಕು.

ಮೊದಲು ಮುಚ್ಚಳ ತೆಗೆದರು. ಅದು ತೆಗೆಯದಿದ್ದರೆ ಮೇಲಿನಿಂದ ಗಾಳಿ ಸಿಗದೆ ನೀರು ತೊಟ್ಟಿಕ್ಕುತ್ತದೆ. ಕೆಳಗೆ ಬಾನಿ ಇಟ್ಟು ರೇಡಿಯೇಟರ್ ನಲ್ಲಿ ತಿರುಗಿಸಿದರು. ಕಂದು ಬಣ್ಣದ ನೀರು ಐದು ಲೀಟರಿನಷ್ಟು ಬಂತು. ಗಾಡಿಯ ಪುಸ್ತಕದಲ್ಲಿ ಒಟ್ಟು ಹತ್ತು ಲೀಟರ್ ಎಂದಿದೆ. ಉಳಿದರ್ಧ ಬ್ಲಾಕಿನಲ್ಲಿ. ಮೇಸ್ತ್ರಿ ಗಾಡಿಯ ಕೆಳಗೆ ನುಸುಳಿ, ಬ್ಲಾಕಿನ ಬದಿಯಲ್ಲಿ ಗ್ರೀಸು, ಮಣ್ಣು ಮೆತ್ತಿಕೊಂಡಿದ್ದ ಜಾಗವನ್ನು ತಂತಿಯ ಬ್ರಷ್‌ನಿಂದ ಉಜ್ಜಿದರು. ಹೆಬ್ಬೆರಳಿನಷ್ಟು ದಪ್ಪದ ಹಿತ್ತಾಳೆ ಪ್ಲಗ್ ಕಂಡಿತು. ಎಂಟು ವರ್ಷ ನನ್ನ ಕಣ್ಣಿಗೆ ಬೀಳದ್ದು. ಪೆನಿಟ್ರೇಟಿಂಗ್ ಆಯಿಲ್ ಬಿಟ್ಟು, ಒಂದು ಗಂಟೆ ಕಾದು, ಸರಿಯಾದ ಅಳತೆಯ ಸ್ಪ್ಯಾನರ್ ಹಾಕಿ, ಎಳೆದೂ ಬಿಟ್ಟೂ ಮಾಡುತ್ತ ಸಡಿಲಿಸಿದರು. ಹಿತ್ತಾಳೆ ಮೆತ್ತಗಿನ ಲೋಹ. ಇಕ್ಕಳ ಹಾಕಿ ತಿರುಚಿದರೆ ಮೂಲೆಗಳು ಸವೆದು ಗುಂಡಾಗಿ, ಆಮೇಲೆ ಡ್ರಿಲ್ ಮಾಡಿ ತೆಗೆಯುವ ಪಾಡು.

ಪ್ಲಗ್ ಕೈಗೆ ಬಂತು, ನೀರು ಬರಲಿಲ್ಲ. ಒಂದು ಹನಿಯೂ ಇಲ್ಲ.

ಇಲ್ಲೇ ಬಹಳ ಜನ ಮೋಸ ಹೋಗುತ್ತಾರೆ. ಏನೂ ಬರಲಿಲ್ಲವಾದ್ದರಿಂದ ಬ್ಲಾಕು ಖಾಲಿಯಾಗಿದೆ ಎಂದುಕೊಂಡು ಪ್ಲಗ್ ತಿರುಗಿಸಿ ಹಾಕಿಬಿಡುತ್ತಾರೆ. ಮೇಸ್ತ್ರಿ ಸೈಕಲ್ಲಿನ ಕಡ್ಡಿಯೊಂದನ್ನು ಬಗ್ಗಿಸಿ ತೂತಿನೊಳಗೆ ತೂರಿಸಿದರು. ಅದು ಕೆಸರಿಗೆ ಚುಚ್ಚಿದಂತೆ ಮೆತ್ತಗೆ ಒಳಗಿಳಿಯಿತು. ನಾಲ್ಕೈದು ಸಲ ಆಡಿಸಿದ ಮೇಲೆ ಅಂಬಲಿಯಂಥ ಕೆಂಗಂದು ಗಷ್ಟು ಮೊದಲು ತೊಟ್ಟಿಕ್ಕಿ, ಆಮೇಲೆ ಧಾರೆಯಾಗಿ ಬಿತ್ತು. ಮರಳಿನಂತೆ ಕರಕರ ಅನ್ನುವ ಪುಡಿ, ಉಗುರಿನಗಲದ ಬೂದು ಚಕ್ಕೆಗಳು. ಒಂದು ಚಕ್ಕೆಯನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದೆ. ಒಂದು ಬದಿ ನುಣುಪು, ಇನ್ನೊಂದು ಬದಿಯಲ್ಲಿ ಎರಕದ ಗೋಡೆಯ ಒರಟು ಹಾಗೆಯೇ ಅಚ್ಚೊತ್ತಿತ್ತು. ನಾನೇ ಕೊಡಪಾನದಲ್ಲಿ ಹೊತ್ತು ಸುರಿದ ನೀರು ಅದು.

ಸಾಲಾಗಿ ನಾಲ್ಕು ಸಿಲಿಂಡರಿರುವ ಇಂಜಿನ್ನಿಗೆ ಸಾಮಾನ್ಯವಾಗಿ ಇಂಥ ಪ್ಲಗ್ ಒಂದು. ವಿ ಆಕಾರದವುಗಳಲ್ಲಿ ಎರಡೂ ಬದಿಗೆ ಒಂದೊಂದು. ಈಚಿನ ಹಲವು ಕಾರುಗಳಲ್ಲಿ ಅದು ಎಕ್ಸಾಸ್ಟ್ ಕೊಳವೆಯ ಹಿಂದೆ ಕೈ ಹೋಗದಲ್ಲಿ ಅಡಗಿರುತ್ತದೆ, ಕೆಲವುಗಳಲ್ಲಿ ಇರುವುದೇ ಇಲ್ಲ. ಗಾಡಿ ತಯಾರಿಸುವವರು ಈ ಒಂದು ಪ್ಲಗ್ ಉಳಿಸಿಕೊಡಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಹತ್ತು ಹದಿನೈದು ವರ್ಷ ಒಂದೇ ಗಾಡಿ ಇಟ್ಟುಕೊಳ್ಳುವ ನಮ್ಮಂಥವರಿಗೆ ಅದು ಸಣ್ಣ ವಿಷಯವಲ್ಲ.

ಪ್ಲಗ್ ಇಲ್ಲದವರಿಗೆ ಉಳಿದದ್ದು ಲೆಕ್ಕದ ದಾರಿ. ಒಂದು ಸಲ ರೇಡಿಯೇಟರ್ ಬಿಟ್ಟರೆ ಅರ್ಧ ಹೋಗಿ ಅರ್ಧ ಉಳಿಯುತ್ತದೆ. ಡಿಸ್ಟಿಲ್ಡ್ ವಾಟರ್ ತುಂಬಿ, ಥರ್ಮೋಸ್ಟಾಟ್ ತೆರೆಯುವಷ್ಟು ಹೊತ್ತು ಇಂಜಿನ್ ಓಡಿಸಿ, ತಣ್ಣಗಾಗಿಸಿ ಮತ್ತೆ ಬಿಟ್ಟರೆ ಕಾಲು ಉಳಿಯುತ್ತದೆ. ಮೂರನೆಯ ಸಲಕ್ಕೆ ಅರೆಕಾಲು, ನಾಲ್ಕನೆಯ ಸಲಕ್ಕೆ ವೀಸ, ಅಂದರೆ ನೂರಕ್ಕೆ ಆರು ಚಿಲ್ಲರೆ. ಎಷ್ಟು ಸಲ ಮಾಡಿದರೂ ಸೊನ್ನೆಗೆ ಬರುವುದಿಲ್ಲ, ಆದರೆ ನಾಲ್ಕು ಸಲ ಮಾಡಿದರೆ ಸಾಕು. ನಡುವೆ ಓಡಿಸುವುದನ್ನು ಬಿಟ್ಟರೆ ಮಾತ್ರ ಲೆಕ್ಕ ತಪ್ಪುತ್ತದೆ. ತಣ್ಣಗಿರುವ ಥರ್ಮೋಸ್ಟಾಟ್ ಮುಚ್ಚಿದ ಬಾಗಿಲು. ಅದರೊಳಗಿನ ಮೇಣ 80ರಿಂದ 90 ಡಿಗ್ರಿಯ ನಡುವೆ ಎಲ್ಲೋ ಕರಗಿ ಉಬ್ಬಿದಾಗಲೇ ಬಾಗಿಲು ತೆರೆದು ಬ್ಲಾಕಿನ ನೀರೂ ರೇಡಿಯೇಟರಿನ ನೀರೂ ಚೆನ್ನಾಗಿ ಬೆರೆಯುವುದು.

ನಮಗೆ ಲೆಕ್ಕದ ದಾರಿ ಸಾಲುತ್ತಿರಲಿಲ್ಲ. ಮೇಸ್ತ್ರಿ ಥರ್ಮೋಸ್ಟಾಟ್ ಬಿಚ್ಚಿ ಪಕ್ಕಕ್ಕಿಟ್ಟು, ಮೇಲಿನ ಹೋಸ್ ಕಳಚಿ, ಅದರ ಜಾಗಕ್ಕೆ ಪೈಪಿನಿಂದ ನೀರು ಬಿಟ್ಟರು. ಎಂದಿನ ದಿಕ್ಕಿಗೆ ತದ್ವಿರುದ್ಧವಾಗಿ, ಮೇಲಿಂದ ಕೆಳಕ್ಕೆ. ಒಂದೇ ದಿಕ್ಕಿನ ಹರಿವಿಗೆ ಒತ್ತಿಕೊಂಡು ಕೂತ ಕಸ ಎದುರು ದಿಕ್ಕಿನಿಂದ ತಳ್ಳಿದಾಗ ಅಲುಗಾಡುತ್ತದೆ. ಕಂಪ್ರೆಸರಿನ ಗಾಳಿ ಬಿಡೋಣವೇ ಎಂದು ಕೇಳಿದೆ. ತಲೆಯಾಡಿಸಿದರು. ಬ್ಲಾಕು ತಡೆದೀತು, ಆದರೆ ಒಂದು ಬಾರ್‌ಗೆ ಮಾಡಿದ ರೇಡಿಯೇಟರಿನ ತೆಳು ನಾಳಗಳು, ಹಳೆಯ ಸೀಲುಗಳು ತಡೆಯುವುದಿಲ್ಲ.

ಕಲ್ಲಾದ ಸುಣ್ಣ ನೀರಿಗೆ ಬಿಡುವುದಿಲ್ಲ. ಹಂಡೆಗೆ ನಮ್ಮಜ್ಜಿ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರಲ್ಲ, ಇದಕ್ಕೂ ಹುಳಿಯೇ ಬೇಕು. ಅಂಗಡಿಯಲ್ಲಿ ಸಿಗುವ ನಿಂಬೆಉಪ್ಪನ್ನು, ಅಂದರೆ ಸಿಟ್ರಿಕ್ ಆಸಿಡನ್ನು, ನೀರಿನಲ್ಲಿ ಕರಗಿಸಿ ತುಂಬಿಸಿ, ಇಂಜಿನ್ ಬಿಸಿ ಮಾಡಿ, ಬಿಟ್ಟುಬಿಟ್ಟರು. ಹುಳಿ ಸುಣ್ಣವನ್ನು ಕರಗಿಸುತ್ತದೆ, ತುಕ್ಕನ್ನೂ ಬಿಡಿಸುತ್ತದೆ. ಅತಿಯಾದರೆ ಲೋಹವನ್ನೂ ತಿನ್ನುತ್ತದೆ. ಅಲ್ಯೂಮಿನಿಯಂ ಹೆಡ್ಡು, ರೇಡಿಯೇಟರ್ ಇರುವ ಗಾಡಿಯಲ್ಲಿ ಇದನ್ನು ಮನೆಯಲ್ಲಿ ಅಂದಾಜಿನ ಮೇಲೆ ಮಾಡಬಾರದು. ಅದಕ್ಕೆಂದೇ ಮಾಡಿದ ಫ್ಲಶ್ ದ್ರಾವಣ ತಂದು ಅದರ ಮೇಲೆ ಬರೆದಷ್ಟೇ ಹೊತ್ತು ಬಿಡಬೇಕು. ನಮ್ಮದು ಬೀಡುಕಬ್ಬಿಣದ ಬ್ಲಾಕು, ತಾಮ್ರ ಹಿತ್ತಾಳೆಯ ರೇಡಿಯೇಟರ್. ಆದರೂ ಹುಳಿ ಹೋದ ಮೇಲೆ ಒಂದೊಂದೇ ಬಕೆಟ್ಟಿನಂತೆ ನೀರು ಹಾಯಿಸಿ ತೊಳೆದರು. ಆರನೆಯ ಬಕೆಟ್ಟಿನಲ್ಲಿ ತಳ ಕಂಡಿತು. ಕೊನೆಯದೊಂದು ಸಲ ಡಿಸ್ಟಿಲ್ಡ್ ವಾಟರ್. ಬೋರ್ ನೀರಿನಲ್ಲಿ ತೊಳೆದು ಅದನ್ನೇ ಒಳಗೆ ಉಳಿಸಿದರೆ ಮಾಡಿದ ಕೆಲಸದ ಅರ್ಥವೇನು?

ಇನ್ನು ಕೂಲೆಂಟ್. ನಮ್ಮೂರಲ್ಲಿ ಹಿಮ ಬೀಳುವುದಿಲ್ಲ, ಆ್ಯಂಟಿಫ್ರೀಜ್ ಯಾಕೆ ಅನ್ನುವ ಮಾತು ಗ್ಯಾರೇಜುಗಳಲ್ಲಿ ಇವತ್ತಿಗೂ ಕೇಳುತ್ತದೆ. ಇಥಿಲೀನ್ ಗ್ಲೈಕಾಲ್ ನೀರು ಹೆಪ್ಪುಗಟ್ಟದಂತೆ ನೋಡಿಕೊಳ್ಳಲೆಂದೇ ಗಾಡಿಗಳಿಗೆ ಬಂದದ್ದು ನಿಜ. ಅಮೆರಿಕದಲ್ಲಿ 1927ರಲ್ಲಿ ಪ್ರೆಸ್ಟೋನ್ ಹೆಸರಿನಲ್ಲಿ ಮಾರಾಟಕ್ಕಿಳಿಯಿತು. ಅದಕ್ಕೂ ಮೊದಲು ಚಳಿ ದೇಶದವರು ನೀರಿಗೆ ಮದ್ಯಸಾರ ಬೆರೆಸುತ್ತಿದ್ದರು, ಅದು ಬಿಸಿಗೆ ಆವಿಯಾಗಿ ಹೋಗುತ್ತಿತ್ತು. ಸಮ ಪಾಲು ನೀರಿನ ಜೊತೆ ಗ್ಲೈಕಾಲ್ ಬೆರೆಸಿದರೆ ಮೈನಸ್ 37 ಡಿಗ್ರಿಯವರೆಗೂ ಹೆಪ್ಪುಗಟ್ಟುವುದಿಲ್ಲ. ನಮಗೆ ಬೇಕಾದದ್ದು ಅದರ ಇನ್ನೊಂದು ಗುಣ, ಅದರ ಕುದಿಬಿಂದು ನೀರಿಗಿಂತ ಏಳೆಂಟು ಡಿಗ್ರಿ ಮೇಲೆ. ಅದಕ್ಕಿಂತ ಹೆಚ್ಚಾಗಿ ಬೇಕಾದದ್ದು ಅದರಲ್ಲಿ ಬೆರೆಸಿರುವ ತುಕ್ಕು ತಡೆಯುವ ರಾಸಾಯನಿಕಗಳು. ಕಬ್ಬಿಣ, ಅಲ್ಯೂಮಿನಿಯಂ, ತಾಮ್ರ, ಬೆಸುಗೆಯ ಸೀಸ, ಇಷ್ಟೂ ಲೋಹಗಳು ಒಂದೇ ನೀರಿನಲ್ಲಿ ಮುಳುಗಿದ್ದರೆ ಅದು ಬ್ಯಾಟರಿಯಂತೆ ಕೆಲಸ ಮಾಡಿ ಒಂದು ಲೋಹ ಇನ್ನೊಂದನ್ನು ತಿನ್ನುತ್ತದೆ. ಈ ರಾಸಾಯನಿಕಗಳು ಕಾಲ ಕಳೆದಂತೆ ಮುಗಿದುಹೋಗುತ್ತವೆ. ಗ್ಲೈಕಾಲ್ ತಾನೇ ನಿಧಾನವಾಗಿ ಆಮ್ಲಕ್ಕೆ ತಿರುಗುತ್ತದೆ. ಬಣ್ಣ ಚೆನ್ನಾಗಿಯೇ ಇದ್ದರೂ ಕೂಲೆಂಟ್ ಬದಲಾಯಿಸಬೇಕಾಗುವುದು ಇದಕ್ಕೆ.

ಬಣ್ಣ ನೋಡಿ ಕೂಲೆಂಟ್ ಆರಿಸುವುದಂತೂ ಬೇಡವೇ ಬೇಡ. ಹಸಿರು, ಕೆಂಪು, ನೀಲಿ ಎಲ್ಲ ತಯಾರಕರು ಹಾಕುವ ಬಣ್ಣ, ಅದಕ್ಕೆ ಎಲ್ಲರೂ ಒಪ್ಪಿದ ನಿಯಮವಿಲ್ಲ. ಹಳೆಯ ಬಗೆಯದರಲ್ಲಿ ಸಿಲಿಕೇಟ್, ಫಾಸ್ಫೇಟುಗಳಿದ್ದು ಎರಡು ವರ್ಷಕ್ಕೆ ಬದಲಾಯಿಸಬೇಕು. ಸಾವಯವ ಆಮ್ಲಗಳ ಬಗೆಯದು ಐದು ವರ್ಷದವರೆಗೂ ಬರುತ್ತದೆ. ಎರಡನ್ನೂ ಬೆರೆಸಿದರೆ ಶಕ್ತಿ ಕುಂದುತ್ತದೆ, ಕೆಲವೊಮ್ಮೆ ಲೋಳೆಯಾಗಿ ನಾಳ ಕಟ್ಟುತ್ತದೆ. ಕೂಲೆಂಟಿನ ಬಗೆ ಬದಲಾಯಿಸುವಾಗ ಬ್ಲಾಕನ್ನು ಪೂರ್ತಿ ಖಾಲಿ ಮಾಡುವುದು ಎಂದಿಗಿಂತ ಮುಖ್ಯವಾಗುತ್ತದೆ. ಯುರೋಪಿನ ತಯಾರಕರು ಫಾಸ್ಫೇಟಿನಿಂದ ದೂರ ಉಳಿದದ್ದು ಅಲ್ಲಿಯ ನೀರು ಗಡಸಾದ್ದರಿಂದ. ಫಾಸ್ಫೇಟ್ ಮತ್ತು ಸುಣ್ಣ ಸೇರಿದರೆ ಗಸಿ ಕಟ್ಟುತ್ತದೆ. ಈ ಸಂಗತಿ ಓದಿದಾಗ ನನಗೆ ನಮ್ಮ ಬೋರ್‌ವೆಲ್ಲೇ ಕಣ್ಣ ಮುಂದೆ ಬಂತು.

ಹೆಚ್ಚು ಹಾಕಿದರೆ ಹೆಚ್ಚು ಒಳ್ಳೆಯದು ಎಂಬ ಲೆಕ್ಕವೂ ಇಲ್ಲಿ ನಡೆಯುವುದಿಲ್ಲ. ಶಾಖ ಹೊರುವುದರಲ್ಲಿ ಗ್ಲೈಕಾಲ್ ನೀರಿಗೆ ಸಾಟಿಯಲ್ಲ. ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ರೋಲ್ಸ್ ರಾಯ್ಸ್ ಮೆರ್ಲಿನ್ ಇಂಜಿನ್ನಿನಲ್ಲಿ ಮೊದಲು ಬರೀ ಗ್ಲೈಕಾಲನ್ನೇ ಹರಿಸಿದ್ದರು. ಮುಂದೆ ಅದನ್ನು ಬಿಟ್ಟು, ಒತ್ತಡದಲ್ಲಿಟ್ಟ 70 ಪಾಲು ನೀರು, 30 ಪಾಲು ಗ್ಲೈಕಾಲಿಗೆ ಬಂದರು. ನಮಗೆ ಸಮ ಪಾಲು ಸಾಕು. ಆದರೆ ಈ ಸಮ ಪಾಲು ಇಂಜಿನ್ನಿನ ಒಳಗೆ ಆಗಬೇಕು, ಡಬ್ಬಿಯಲ್ಲಲ್ಲ. ಪ್ಲಗ್ ಇಲ್ಲದ ಗಾಡಿಯಲ್ಲಿ ತೊಳೆದ ಮೇಲೂ ಐದು ಲೀಟರ್ ನೀರು ಬ್ಲಾಕಿನಲ್ಲಿ ಉಳಿದಿರುತ್ತದಲ್ಲ, ಅದರ ಮೇಲೆ ಬೆರೆಸಿಟ್ಟ ರೆಡಿಮಿಕ್ಸ್ ಐದು ಲೀಟರ್ ಸುರಿದರೆ ಒಳಗೆ ಗ್ಲೈಕಾಲಿನ ಪಾಲು ಕಾಲು ಭಾಗಕ್ಕೆ ಇಳಿಯುತ್ತದೆ. ಅಂಥವರು ನೀರು ಬೆರೆಸದ ಗಟ್ಟಿ ಕೂಲೆಂಟನ್ನೇ ಐದು ಲೀಟರ್ ಮೊದಲು ಹಾಕಬೇಕು. ಬೇಕಾದ ನೀರು ಆಗಲೇ ಒಳಗಿದೆ.

ಥರ್ಮೋಸ್ಟಾಟ್, ಹೋಸ್ ಮರಳಿ ಜೋಡಿಸಿ, ಪ್ಲಗ್ಗಿಗೆ ಹೊಸ ತಾಮ್ರದ ವಾಷರ್ ಹಾಕಿ ಬಿಗಿದ ಮೇಲೆ ತುಂಬಿಸುವ ಕೆಲಸ. ಅವಸರ ಮಾಡಿದರೆ ಬ್ಲಾಕಿನ ಮೂಲೆಯಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಲೋಹಕ್ಕೆ ಕೂಲೆಂಟ್ ತಾಗುವುದೇ ಇಲ್ಲ. ಗಾಡಿಯ ಮೂತಿ ಮೇಲಾಗುವಂತೆ ದಿಬ್ಬಕ್ಕೆ ಹತ್ತಿಸಿ ನಿಲ್ಲಿಸಿದರು. ಹೀಟರ್ ಇರುವ ಗಾಡಿಯಾದರೆ ಅದನ್ನು ಪೂರ್ತಿ ಬಿಸಿಗೆ ತಿರುಗಿಸಿಡಬೇಕು, ಅದರ ಸಣ್ಣ ಸುರುಳಿಗೂ ಕೂಲೆಂಟ್ ಹೋಗಬೇಕು. ಮುಚ್ಚಳ ಹಾಕದೆ ಇಂಜಿನ್ ಸ್ಟಾರ್ಟ್ ಮಾಡಿ ಇಬ್ಬರೂ ಮೇಲಿನ ಹೋಸಿನ ಮೇಲೆ ಕೈಯಿಟ್ಟು ಕಾದೆವು. ಬಹಳ ಹೊತ್ತು ಅದು ಉಗುರು ಬೆಚ್ಚಗೆ. ರೇಡಿಯೇಟರ್ ಬಾಯಲ್ಲಿ ಒಂದೊಂದು ಗುಳ್ಳೆ. ಇದ್ದಕ್ಕಿದ್ದಂತೆ ಹೋಸು ಕೈ ಇಡಲಾಗದಷ್ಟು ಕಾದಿತು, ರೇಡಿಯೇಟರಿನ ಮಟ್ಟ ಸರ್ರನೆ ಇಳಿಯಿತು. ಥರ್ಮೋಸ್ಟಾಟ್ ತೆರೆದಿತ್ತು. ಇಳಿದಷ್ಟನ್ನು ತುಂಬಿ, ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿದರು.

ತೆಗೆದ ಹಳೆಯ ನೀರನ್ನು ಏನು ಮಾಡಿದಿರಿ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕು. ಚರಂಡಿಗೆ, ತಿಪ್ಪೆಗೆ, ಗ್ಯಾರೇಜಿನ ಹಿಂದಿನ ಗುಂಡಿಗೆ ಚೆಲ್ಲುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಇಥಿಲೀನ್ ಗ್ಲೈಕಾಲ್ ಸಿಹಿ. ನಾಯಿ, ಬೆಕ್ಕು, ಕರು ಅದನ್ನು ನೆಕ್ಕುತ್ತವೆ. ದೇಹದೊಳಗೆ ಅದು ಆಕ್ಸಲೇಟ್ ಆಗಿ, ಹರಳುಗಟ್ಟಿ, ಮೂತ್ರಪಿಂಡ ಕೆಡಿಸುತ್ತದೆ. ದೊಡ್ಡ ಮನುಷ್ಯನ ಪ್ರಾಣ ಹೋಗಲು ಸುಮಾರು 100 ಮಿಲಿಲೀಟರ್ ಸಾಕು, ಮಗುವಿಗೆ ಅದರಲ್ಲಿ ಸ್ವಲ್ಪವೇ ಸಾಕು. ಯಾರಾದರೂ ಕುಡಿದಿದ್ದರೆ ಲಕ್ಷಣಕ್ಕಾಗಿ ಕಾಯದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು, ಡಬ್ಬಿಯನ್ನೂ ಜೊತೆಗೆ ಕೊಂಡೊಯ್ಯಬೇಕು. ಬೇಗ ಹೋದರೆ ಇದಕ್ಕೆ ಚಿಕಿತ್ಸೆ ಇದೆ. ಹಳೆಯ ಕೂಲೆಂಟನ್ನು ತಂಪು ಪಾನೀಯದ ಬಾಟಲಿಗೆ ತುಂಬಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ನಮ್ಮ ಬಾನಿಯ ನೀರನ್ನು ಎರಡು ಕ್ಯಾನುಗಳಿಗೆ ತುಂಬಿ, ಬಿಗಿಯಾಗಿ ಮುಚ್ಚಿ, "ವಿಷ" ಎಂದು ದಪ್ಪಕ್ಷರದಲ್ಲಿ ಬರೆದು, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರ ಕೈಗೆ ಒಪ್ಪಿಸುವ ದೊಡ್ಡ ಸರ್ವಿಸ್ ಸೆಂಟರಿಗೆ ಒಯ್ದು ಕೊಟ್ಟೆವು. ಅರ್ಧ ದಿನ ಹೋಯಿತು. ಹೋಗಲಿ.

ಹೊರಡುವಾಗ ಮೇಸ್ತ್ರಿ ಹೊಸ ಕೂಲೆಂಟನ್ನು ಒಂದು ಸಣ್ಣ ಗಾಜಿನ ಸೀಸೆಗೆ ತುಂಬಿ, ಬಿರಡೆ ಬಿಗಿದು, ತಾರೀಖು ಬರೆದ ಚೀಟಿ ಅಂಟಿಸಿ ಕೊಟ್ಟರು. "ಯುಗಾದಿಗೊಂದು ಸೀಸೆ ತುಂಬಿ ಇದರ ಪಕ್ಕ ಇಡಿ. ಬಣ್ಣ ನೋಡಿ, ತಳದಲ್ಲಿ ಏನಾದ್ರೂ ಕೂತೈತಾ ನೋಡಿ." ಸೀಸೆಗೂ "ವಿಷ" ಎಂದು ಬರೆದು, ಮಕ್ಕಳ ಕೈಗೆ ಎಟುಕದಂತೆ ಶೆಡ್ಡಿನ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ. ಈಗ ಅಲ್ಲಿ ಎರಡು ಸೀಸೆಗಳಿವೆ. ಎರಡನೆಯದನ್ನು ಬೆಳಕಿಗೆ ಹಿಡಿದರೆ ಹಸಿರು ತುಸು ಮಾಸಿದೆ. ತಳದಲ್ಲಿ ಇನ್ನೂ ಏನೂ ಕೂತಿಲ್ಲ.